ಸಲಹೆಗಾರರ ಊರು ಯಾವುದು?

ದಾವಣಗೆರೆಯ ಆವರಗೆರೆಯಲ್ಲಿ ಒಬ್ಬರ ಮಗ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಅಂದರೆ ಅಕ್ಕಪಕ್ಕದವರು ಮೊದಲು ಕೇಳುವುದು, ‘ಗೌರ್ಮೆಂಟಾ, ಕಂಟ್ರಾಕ್ಟರ್ ಹತ್ರಾನಾ?’ ‘ಎರಡೂ ಅಲ್ಲ, ಕನ್ಸಲ್ಟೆನ್ಸಿ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ದುಡ್ಡು ಕೊಡುವವನಲ್ಲ, ಕಟ್ಟುವವನಲ್ಲ. ಮತ್ತೆ ಇವನು ಮಾಡುವುದೇನು? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಈಚಿನ ಹತ್ತು ವರ್ಷಗಳಲ್ಲಿ ದಾವಣಗೆರೆ, ಹರಿಹರಗಳ ಎಷ್ಟೋ ರಸ್ತೆ, ಚರಂಡಿ, ನಲ್ಲಿಗಳು ಹೇಗಿರಬೇಕೆಂದು ಮೊದಲು ಕಾಗದದ ಮೇಲೆ ಬರೆದವರು ಇಂಥ ಸಲಹೆಗಾರರೇ.

ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆ ಶುರುವಾದದ್ದು 2015ರ ಜೂನ್‌ನಲ್ಲಿ. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ಬೆಳಗಾವಿ ಮತ್ತು ದಾವಣಗೆರೆ. ಆಯ್ಕೆ ನಡೆದದ್ದು ಸ್ಪರ್ಧೆಯಲ್ಲಿ. ಪ್ರಸ್ತಾವ ತಯಾರಿಸಲೆಂದೇ ಪ್ರತಿ ನಗರಕ್ಕೆ 2 ಕೋಟಿ ರೂಪಾಯಿ ಕೊಟ್ಟು, ಒಪ್ಪಿತ ಪಟ್ಟಿಯಲ್ಲಿನ ಸಲಹಾ ಸಂಸ್ಥೆಗಳನ್ನು ಹಿಡಿಯಲು ಅವಕಾಶ ಮಾಡಿದ್ದರು. ಅಂದರೆ ನಮ್ಮೂರು ಪಾಸಾದ ಮೊದಲ ಪರೀಕ್ಷೆ ವರದಿ ಬರೆಯುವ ಪರೀಕ್ಷೆ. ಗೆದ್ದ ಮೇಲೆ ಯೋಜನೆ ನಡೆಸಲು ಒಂದು ಕಂಪನಿ, ಆ ಕಂಪನಿಗೆ ನೆರವಾಗಲು ಪಿಎಂಸಿ ಎಂಬ ಇನ್ನೊಂದು ಸಲಹಾ ತಂಡ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೀರಿನ ಯೋಜನೆ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ಬಂದಾಗಲೂ ಸಲಹೆಗಾರರು ಜೊತೆಗೇ ಬಂದರು.

ಈ ಸಲಹಾ ಸಂಸ್ಥೆಗಳ ಒಳಗಿನ ಕೆಲಸ ಹೇಗೆ? ಟೆಂಡರಿನಲ್ಲಿ ಅಂಕ ಸಿಗುವುದು ಬಹುಮಟ್ಟಿಗೆ ತಜ್ಞರ ಸಿವಿಗಳಿಗೆ. ಇಪ್ಪತ್ತೈದು ವರ್ಷ ಅನುಭವವಿರುವ ಟೀಮ್ ಲೀಡರ್, ಒಳಚರಂಡಿ ತಜ್ಞ, ಹಣಕಾಸು ತಜ್ಞ, ಎಲ್ಲರೂ ಕಾಗದದಲ್ಲಿ ಹಾಜರು. ಕೆಲಸ ಸಿಕ್ಕ ಮೇಲೆ ಬಿಸಿಲಲ್ಲಿ ಟೋಟಲ್ ಸ್ಟೇಷನ್ ಹೊತ್ತು ಅಳತೆ ಮಾಡುವವರು ಯುಬಿಡಿಟಿಯಿಂದಲೋ ಬಾಪೂಜಿ ಕಾಲೇಜಿನಿಂದಲೋ ಹೋದ ವರ್ಷ ಹೊರಬಿದ್ದ ಎರಡು ಮೂರು ಹುಡುಗರು. ರಾತ್ರಿ ಕೂತು ಡಿಪಿಆರ್ ಎಂಬ ವಿಸ್ತೃತ ಯೋಜನಾ ವರದಿ ಬರೆಯುವವರೂ ಅವರೇ, ಬೆಳಗಾದರೆ ಸಾಹೇಬರ ಮೀಟಿಂಗಿಗೆ ಪಿಪಿಟಿ ಮಾಡುವವರೂ ಅವರೇ. ಅವಸರಕ್ಕೆ ಹಳೆಯ ವರದಿಯೇ ಅಚ್ಚು. ನಾನು ನೋಡಿದ ಒಂದು ಕರಡಿನಲ್ಲಿ ಕರಾವಳಿ ಊರೊಂದರ ಮಳೆಯ ಲೆಕ್ಕ ಹಾಗೇ ಉಳಿದುಕೊಂಡಿತ್ತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ 600ರ ಆಸುಪಾಸು. ಆ ಲೆಕ್ಕಕ್ಕೆ ಚರಂಡಿ ತೋಡಿದ್ದರೆ ಪಿ.ಬಿ. ರಸ್ತೆಯ ಪಕ್ಕ ದೋಣಿ ಬಿಡಬಹುದಿತ್ತು.

ಹಾಗೆಂದು ಈ ಕೆಲಸವನ್ನು ಬರೀ ಮೋಸವೆನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಪೈಪಿನ ಒತ್ತಡದ ಲೆಕ್ಕ, ಎಸ್ಟಿಮೇಟ್, ಟೆಂಡರ್ ಷರತ್ತು, ಎದುರಿಗಿರುವ ಅಧಿಕಾರಿ ನಿಜಕ್ಕೂ ಏನು ಕೇಳುತ್ತಿದ್ದಾನೆಂದು ತಿಳಿಯುವ ಜಾಣತನ: ಇವನ್ನೆಲ್ಲ ಎರಡೇ ವರ್ಷದಲ್ಲಿ ಕಲಿಸುವ ಜಾಗ ಬೇರೆಯಿಲ್ಲ.

ಸಲಹೆಯ ಕಸುಬು ಹೊಸದೂ ಅಲ್ಲ. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ ನಿಜಾಮರ ಸರ್ಕಾರ 1909ರಲ್ಲಿ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡದ್ದು ಸಲಹಾ ಎಂಜಿನಿಯರ್ ಆಗಿಯೇ. ಮಳೆಯನ್ನೂ ಹೊಳೆಯನ್ನೂ ಲೆಕ್ಕ ಹಾಕಿ, ನಗರಕ್ಕಿಂತ ಮೇಲೆ ಜಲಾಶಯ ಕಟ್ಟಿ ಎಂದು ಹೇಳಿ, ಅದೇ ವರ್ಷ ಅವರು ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದುಬಿಟ್ಟರು. ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ. ಸಲಹೆಗಾರ ಹೊರಟುಹೋದರೂ ಸಲಹೆ ಬದುಕಿತು, ಏಕೆಂದರೆ ಅದನ್ನು ಓದಿ, ತಿದ್ದಿ, ಕಟ್ಟಬಲ್ಲ ಎಂಜಿನಿಯರುಗಳು ಅಲ್ಲಿನ ಸರ್ಕಾರದಲ್ಲೇ ಇದ್ದರು. ಈಗ ವರದಿ ಸರಿಯಿದೆಯೇ ಎಂದು ನೋಡುವುದಕ್ಕೂ ‘ಥರ್ಡ್ ಪಾರ್ಟಿ’ ಎಂಬ ಮತ್ತೊಬ್ಬ ಸಲಹೆಗಾರ ಬೇಕು. ನನ್ನ ದೊಡ್ಡ ತಕರಾರು ಇಲ್ಲಿದೆ. ಬರೆಯುವವರು ಹೆಚ್ಚಿದಷ್ಟೂ ಪಾಲಿಕೆಯಲ್ಲಿ ಓದುವವರು ಕಡಿಮೆಯಾಗುತ್ತಿದ್ದಾರೆ.

ಓದುವವರಿಲ್ಲದಿದ್ದರೆ ಏನು ತಪ್ಪಿಹೋಗುತ್ತದೆ ಎನ್ನುವುದಕ್ಕೆ ಮಂಡಕ್ಕಿ ಭಟ್ಟಿಗಳನ್ನು ನೋಡಿ. ದಾವಣಗೆರೆಯ ಸ್ಮಾರ್ಟ್ ಸಿಟಿ ಪ್ರಸ್ತಾವದಲ್ಲಿ ಆ ಪ್ರದೇಶದ ಸುಧಾರಣೆಯೂ ಸೇರಿತ್ತು. ಭಟ್ಟಿಗೆ ಬೆಂಕಿ ಬೀಳುವುದು ಬೆಳಗಿನ ಜಾವ. ಆಫೀಸು ಹೊತ್ತಿಗೆ ಸರ್ವೆ ಮಾಡಲು ಹೋದವನಿಗೆ ಕಾಣುವುದು ಗೋಡೆಯ ಮಸಿ, ಇಕ್ಕಟ್ಟು ದಾರಿ. ಭತ್ತ ನೆನೆಹಾಕುವವರು ಯಾರು, ಕಾದ ಮರಳಲ್ಲಿ ಹುರಿಯುವವರ ಕೂಲಿ ಚೀಲದ ಲೆಕ್ಕವೋ ದಿನದ ಲೆಕ್ಕವೋ, ಭಟ್ಟಿ ದೂರ ಹೋದರೆ ಹೆಣ್ಣುಮಕ್ಕಳು ನಸುಕಿನಲ್ಲಿ ಹೇಗೆ ಬರಬೇಕು, ಇವು ನಮೂನೆಯ ಖಾನೆಗಳಲ್ಲಿ ಹಿಡಿಯುವುದಿಲ್ಲ. ಹಾಗೆ ಬಿಟ್ಟುಹೋದದ್ದನ್ನು ‘ಇದೆಲ್ಲಿ?’ ಎಂದು ಕೇಳಬೇಕಾದವನು ಊರು ಬಲ್ಲ ಪಾಲಿಕೆ ಎಂಜಿನಿಯರ್.

ಓದುವವರಿದ್ದರೆ ಸಾಲದು, ಬರೆದವರಿಗೂ ಹೊಣೆ ಬೇಕು. ಊರ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಕಾರ್ಮಿಕ ಮುಖಂಡರಿಗೆ ಆವರಗೆರೆ ಹೆಸರುವಾಸಿ. ಹಮಾಲರ ಪರವಾಗಿ ತಪ್ಪು ಮನವಿ ಬರೆದುಕೊಟ್ಟವನನ್ನು ಇಲ್ಲಿ ಮರುದಿನ ಚಹಾದಂಗಡಿಯಲ್ಲೇ ಹಿಡಿದು ಕೇಳುತ್ತಾರೆ. ಗುತ್ತಿಗೆದಾರನಿಗೂ ಕೆಲಸ ಮುಗಿದ ಮೇಲೆ ಒಂದಷ್ಟು ಕಾಲ ಠೇವಣಿಯ ಹಂಗಿರುತ್ತದೆ. ಡಿಪಿಆರ್ ಬರೆದವನಿಗೆ ಈ ಎರಡು ಕಟ್ಟೂ ಸಡಿಲ. ವರದಿಗೆ ಮಂಜೂರಾತಿ ಬಿದ್ದರೆ ಹೆಚ್ಚುಕಡಿಮೆ ಬಿಲ್ಲೂ ಮುಗಿಯಿತು.

ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಇನ್ನೊಂದು ಯೋಜನೆ, ಇನ್ನೊಂದು ಸಲಹಾ ತಂಡ ಬಂದೇ ಬರುತ್ತದೆ. ಅಷ್ಟರೊಳಗೆ ಪಾಲಿಕೆ ಮೂರು ಷರತ್ತು ಹಾಕಲಿ: ಡಿಪಿಆರ್‌ನ ಸಾರಾಂಶ ಕನ್ನಡದಲ್ಲಿ ವಾರ್ಡಿಗೆ ಬರಬೇಕು, ಅದನ್ನು ಓದಿದ್ದೇನೆಂದು ಪಾಲಿಕೆಯ ಒಬ್ಬ ಎಂಜಿನಿಯರ್ ತನ್ನ ಹೆಸರಲ್ಲಿ ಸಹಿ ಹಾಕಬೇಕು, ಕಾಮಗಾರಿ ಒಂದು ಮಳೆಗಾಲ ದಾಟುವ ತನಕ ಸಲಹೆಗಾರರ ಕೊನೆಯ ಕಂತು ಪಾಲಿಕೆಯಲ್ಲೇ ಇರಬೇಕು.