ಬತ್ತಳಿಕೆಯಲ್ಲಿ ನೀರು

ಏಪ್ರಿಲ್ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳದ್ದೆಲ್ಲ ಒಂದೇ ರಾಗ: ಭಾನುವಾರದ ಲಾಂಗ್ ರನ್‌ಗೆ ನೀರು ಎಷ್ಟು ಬೇಕು, ಹೊತ್ತೊಯ್ಯುವುದು ಹೇಗೆ? ಕಬ್ಬನ್ ಪಾರ್ಕಿನಲ್ಲಿ ಎರಡು ಸುತ್ತು ಹೊಡೆದು ಕಾಫಿಗೆ ಹೋಗುವವರಿಗೆ ಈ ಚಿಂತೆ ಬೇಡ. ಮಾತು ಎರಡು ಗಂಟೆ ದಾಟಿ ಓಡುವವರದು. ಸಂಜೆಯೊಳಗೆ ಬರಹ ಕಳಿಸಬೇಕು, ಹಾಗಾಗಿ ಹೈಡ್ರೇಶನ್ ವೆಸ್ಟ್ ಮೇಲೋ ಕೈಬಾಟಲಿ ಮೇಲೋ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವ ಅಂದಾಜಿನಲ್ಲಿದ್ದೆ. ಆದರೆ ಅದಕ್ಕೂ ಮೊದಲು ಎಳನೀರು ಪಂಥದವರ ಜೊತೆ ಹಳೆಯ ಲೆಕ್ಕವೊಂದು ಬಾಕಿ ಇದೆ.

ಎಳನೀರಿನ ಮೇಲೆ ನನಗೆ ಸಿಟ್ಟಿಲ್ಲ. ಮದ್ದೂರಿನ ದಾರಿಯಲ್ಲಿ ಗಾಡಿ ನಿಲ್ಲಿಸದೆ ಹೋದವನಲ್ಲ ನಾನು. ಓಟಗಾರನಿಗೆ ಪ್ರಕೃತಿಯೇ ಕೊಟ್ಟ ಸಂಪೂರ್ಣ ಪೇಯ ಅದು ಎಂಬ ಪ್ರಚಾರದ ಮೇಲಷ್ಟೇ ತಕರಾರು. ಓಡಿ ಬಂದು ನೆರಳಲ್ಲಿ ಕೂತ ಮೇಲೆ ಕೆನ್ನೆ ಸವರಿ ನೋಡಿ, ಬೆರಳಿಗೆ ಹರಳುಹರಳಾಗಿ ತಗಲುತ್ತದೆ. ಕಪ್ಪು ಟೀ ಶರ್ಟಾದರೆ ಬೆನ್ನ ಮೇಲೆ ಬಿಳಿ ಗೆರೆ ಮೂಡಿರುತ್ತದೆ. ಅದು ಉಪ್ಪು. ಒಂದು ಲೀಟರ್ ಬೆವರಿನ ಜೊತೆ ಸುಮಾರು ಅರ್ಧ ಗ್ರಾಂನಿಂದ ಎರಡು ಗ್ರಾಂವರೆಗೆ ಸೋಡಿಯಂ ಹೋಗುತ್ತದೆ. ಪೊಟ್ಯಾಸಿಯಂ ಹೋಗುವುದು ತೀರಾ ಕಡಿಮೆ. ಎಳನೀರಿನಲ್ಲಿ ಧಾರಾಳವಾಗಿರುವುದು ಪೊಟ್ಯಾಸಿಯಂ, ಅದರ ಮುಂದೆ ಸೋಡಿಯಂ ಅಲ್ಪ. ಹೋದದ್ದೊಂದು, ತುಂಬಿದ್ದು ಇನ್ನೊಂದು.

ನನ್ನ ಪಕ್ಷ ಯಾವುದೆಂದು ಹಳೆಯ ಓದುಗರಿಗೆ ಗೊತ್ತು: ನೀರುಮಜ್ಜಿಗೆ. ಬೆಣ್ಣೆ ತೆಗೆದದ್ದು, ನೀರು ಮುಂದಾದದ್ದು, ನಾಲಿಗೆಗೆ ಚುರುಕಾಗಿ ತಿಳಿಯುವಷ್ಟು ಉಪ್ಪು, ಜಜ್ಜಿದ ಶುಂಠಿ, ಚೂರು ಇಂಗು. ಬಟ್ಟೆಯಲ್ಲಿ ಸೋಸಲೇಬೇಕು. ಇಲ್ಲವಾದರೆ ಕರಿಬೇವಿನ ಚೂರು ಫ್ಲಾಸ್ಕಿನ ಮೂತಿಗೆ ಸಿಕ್ಕಿಕೊಂಡು, ಹದಿನೆಂಟನೇ ಕಿಲೋಮೀಟರಿನಲ್ಲಿ ಎಷ್ಟು ಹೀರಿದರೂ ಬರೀ ಗಾಳಿ. ಬಿಸಿಲೇರಿದಂತೆ ಹುಳಿಯೂ ಏರುವುದರಿಂದ ಮಜ್ಜಿಗೆ ಮೊದಲು ಖಾಲಿಯಾಗಲಿ, ನೀರು ಆಮೇಲೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಉಪ್ಪಿನ ವಿಷಯದಲ್ಲಿ ನನ್ನ ಮಾತಲ್ಲ, ಡಾಕ್ಟರ ಮಾತು ಕೇಳಬೇಕು.

ಇನ್ನೊಂದು ಪಂಥ ಇದಕ್ಕಿಂತ ಅಪಾಯದ್ದು: ‘ಬಾಯಾರುವ ಮೊದಲೇ ಕುಡಿಯಿರಿ, ಕುಡಿದಷ್ಟೂ ಒಳ್ಳೆಯದು’ ಎನ್ನುವವರದು. ಇದು ಅಜ್ಜಿಯರ ಮಾತಲ್ಲ. 1996ರಲ್ಲಿ ಅಮೆರಿಕದ ಕ್ರೀಡಾವೈದ್ಯರ ಸಂಸ್ಥೆಯೇ ಗಂಟೆಗೆ 600ರಿಂದ 1200 ಮಿಲಿಲೀಟರ್ ಕುಡಿಯಬೇಕೆಂದು ಹೇಳಿತ್ತು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಜನರಲ್ಲಿ ಸೋಡಿಯಂ ಇಳಿದುಹೋಗಿತ್ತು. ಮೂವರದ್ದಂತೂ ಪ್ರಾಣಕ್ಕೇ ಕುತ್ತು ತರುವ ಮಟ್ಟಕ್ಕೆ. ಅದೇ ಓಟದಲ್ಲಿ 28ರ ಹರೆಯದ ಓಟಗಾರ್ತಿಯೊಬ್ಬಳು ಇದರಿಂದಲೇ ತೀರಿಕೊಂಡಳು. ಹೆಚ್ಚು ಹೊತ್ತು ಓಡಿ, ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಿಗೇ ಈ ತೊಂದರೆ ಜಾಸ್ತಿ. ಕುಡಿದದ್ದು ಬರೀ ನೀರೋ ಬಣ್ಣದ ಪೇಯವೋ ಎಂಬುದರಿಂದ ಫಲಿತಾಂಶ ಬದಲಾಗಲಿಲ್ಲ. ನನ್ನ ಮಜ್ಜಿಗೆಯನ್ನೂ ಕೊಡಗಟ್ಟಲೆ ಇಳಿಸಿದರೆ ಅದೇ ಗತಿ ಎಂದು ಒಪ್ಪಬೇಕಾಗುತ್ತದೆ. 2007ರಲ್ಲಿ ಆ ಸಂಸ್ಥೆ ತನ್ನ ಸಲಹೆ ತಿದ್ದಿಕೊಂಡಿತು. ನಮ್ಮ ಕೆಲವು ಕೋಚ್‌ಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್ 2012ರಲ್ಲಿ ‘ವಾಟರ್‌ಲಾಗ್ಡ್’ ಎಂಬ ದಪ್ಪ ಪುಸ್ತಕವನ್ನೇ ಬರೆದರು. ಬಾಯಾರಿಕೆಯಾದಾಗ ಕುಡಿ, ಸಾಕು ಎಂಬುದು ಅದರ ಸಾರ.

ಇಷ್ಟಾದ ಮೇಲೆ ವೆಸ್ಟಿನ ಮಾತಿಗೆ ಬಂದೆ, ಬಂದವನಿಗೆ ಅರಣ್ಯಪರ್ವ ನೆನಪಾಯಿತು. ಯಕ್ಷಪ್ರಶ್ನೆಯನ್ನು ಎಲ್ಲರೂ ಧರ್ಮಸೂಕ್ಷ್ಮಕ್ಕಾಗಿ ಓದುತ್ತಾರೆ. ನಾನು ಓದುವುದು ಅದಕ್ಕೆ ಮುಂಚಿನ ಓಟಕ್ಕಾಗಿ. ಬ್ರಾಹ್ಮಣನೊಬ್ಬನ ಅರಣಿ ಜಿಂಕೆಯ ಕೊಂಬಿಗೆ ಸಿಕ್ಕಿಕೊಳ್ಳುತ್ತದೆ, ಜಿಂಕೆ ಕಾಡಿಗೆ ಜಿಗಿಯುತ್ತದೆ, ಐವರೂ ಬೆನ್ನಟ್ಟುತ್ತಾರೆ. ಬಾಣ ತಾಗುವುದಿಲ್ಲ, ಜಿಂಕೆ ಕಣ್ಮರೆ. ದಣಿದು ಬಾಯಾರಿ ಆಲದ ಮರದಡಿ ಕೂರುತ್ತಾರೆ. ಅಪ್ಪಟ ಬೇಸಿಗೆಯ ಲಾಂಗ್ ರನ್, ಅದೂ ದಾರಿಯಲ್ಲಿ ಒಂದು ನೀರಿನ ಟೇಬಲ್ ಇಲ್ಲದೆ! ನಕುಲ ಮರ ಹತ್ತಿ ನೋಡುತ್ತಾನೆ. ನೀರಿನ ಬದಿಗೆ ಬೆಳೆಯುವ ಮರಗಳು ಕಾಣುತ್ತವೆ, ಸಾರಸಗಳ ಕೂಗು ಕೇಳುತ್ತದೆ. ಆಗ ಧರ್ಮರಾಯ ಕೊಡುವ ಅಪ್ಪಣೆ ನನಗೆ ಬಲು ಇಷ್ಟ: ಹೋಗು, ಬತ್ತಳಿಕೆಗಳಲ್ಲಿ ನೀರು ತುಂಬಿಸಿಕೊಂಡು ಬಾ. ಬೆನ್ನಿಗೆ ಕಟ್ಟುವ ಬತ್ತಳಿಕೆಯಲ್ಲಿ ನೀರು! ನಾವು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವ ವೆಸ್ಟ್ ದ್ವೈತವನದಲ್ಲೇ ಇತ್ತು.

ಮುಂದಿನದು ಗೊತ್ತೇ ಇದೆ. ತಡೆಯುವ ದನಿ ಕೇಳಿದರೂ ನಾಲ್ವರೂ ಮೊದಲು ನೀರಿಗೇ ಬಾಯಿಟ್ಟರು, ದಡದಲ್ಲೇ ಉರುಳಿದರು. ತಮ್ಮಂದಿರ ಹಾಗೆಯೇ ಬಾಯಾರಿದ್ದ ಧರ್ಮರಾಯ ಮಾತ್ರ ಪ್ರಶ್ನೆಗಳೆಲ್ಲ ಮುಗಿಯುವವರೆಗೂ ತಡೆದುಕೊಂಡ. ಆ ಸರೋವರದ ನೀರಿನಲ್ಲಿ ಸೋಡಿಯಂ ಎಷ್ಟಿತ್ತೆಂದು ವ್ಯಾಸರು ಬರೆದಿಲ್ಲ, ನಾನೂ ಎಳೆಯುವುದಿಲ್ಲ.

ವೆಸ್ಟೋ ಕೈಬಾಟಲಿಯೋ ಎಂಬುದಕ್ಕೆ ಈಗ ಜಾಗವೇ ಉಳಿದಿಲ್ಲ. ವೆಸ್ಟ್ ಕೊಳ್ಳಿ, ಅದನ್ನು ಕತ್ತಿನವರೆಗೆ ತುಂಬಿಸಬೇಕೆಂಬ ಕಟ್ಟಳೆಯೇನಿಲ್ಲ. ಅದರ ಜೊತೆಗೊಂದು ತೂಕದ ಯಂತ್ರವೂ ಇರಲಿ. ಹೊರಡುವ ಮುಂಚೆ ಒಮ್ಮೆ, ಬಂದು ಒದ್ದೆ ಬಟ್ಟೆ ಕಳಚಿದ ಮೇಲೆ ಒಮ್ಮೆ ನಿಂತು ನೋಡಿ. ಕಿಲೋ ಒಂದು ಇಳಿದಿದ್ದರೆ, ಕುಡಿದದ್ದಕ್ಕಿಂತ ಹೆಚ್ಚುಕಡಿಮೆ ಒಂದು ಲೀಟರ್ ಹೆಚ್ಚು ಬೆವರಿದ್ದೀರಿ. ಊಟದ ಜೊತೆ ನಿಧಾನವಾಗಿ ತುಂಬಿಕೊಳ್ಳುತ್ತದೆ, ಗಾಬರಿ ಬೇಡ. ಮುಳ್ಳು ಮೇಲೇರಿದ್ದರೆ ಮುಂದಿನ ಭಾನುವಾರ ಒಂದು ಫ್ಲಾಸ್ಕ್ ಮನೆಯಲ್ಲೇ ಬಿಟ್ಟು ಹೊರಡಿ.