ಹೌಸಿಂಗಿನ ಊಳು, ತಾಳಬೆಟ್ಟದ ಏರು

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಹನೂರು, ಕೌದಳ್ಳಿ ದಾಟುವ ತನಕ ಗಾಡಿಗೆ ಅಂಥ ಕಷ್ಟವೇನಿಲ್ಲ. ತಾಳಬೆಟ್ಟದಲ್ಲಿ ಕಾಯಿ ಒಡೆದು ಹೊರಟ ಮೇಲೆ ಸಾಲು ತಿರುವುಗಳ ಘಾಟಿ ಶುರು. ಹಳೆಯ ಜೀಪಾಗಲಿ, ಬೊಲೆರೊ ಆಗಲಿ, ಪಿಕಪ್ ಆಗಲಿ, ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನೊಳಗೆ ಕ್ರೌನು–ಪಿನಿಯನ್ನು ಸವೆದಿದ್ದರೆ ಅದು ಬಾಯಿಬಿಡುವುದು ಇಲ್ಲೇ. ಎರಡನೇ ಗೇರಿನಲ್ಲಿ ಏರುವಾಗ ಕುಯ್ಯೆಂದು ಒಂದು ರಾಗ, ಆಕ್ಸಿಲರೇಟರ್ ಬಿಟ್ಟರೆ ಇನ್ನೊಂದು, ತಿರುವಿನಲ್ಲಿ ಮತ್ತೊಂದು.

ಇಂಥ ಗಾಡಿ ಪೇಟೆಯ ಗ್ಯಾರೇಜಿಗೆ ಬಂದಾಗ ಮಾತು ಬಹುಮಟ್ಟಿಗೆ ಒಂದೇ ಧಾಟಿಯದು. ‘ಅಣ್ಣಾ, ಹಿಂದ್ಗಡೆ ಊಳ್ತದ, ಒಸಿ ನೋಡು.’ ಮೇಸ್ತ್ರಿ ಗಾಡಿಯನ್ನು ಅಂಗಡಿ ಮುಂದಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೊಡೆಸುತ್ತಾನೆ, ಹೌಸಿಂಗಿನ ಆಯಿಲ್ ಇಳಿಸುತ್ತಾನೆ, 90ರ ಬದಲು ಇನ್ನೂ ದಪ್ಪನೆಯ 140 ಆಯಿಲ್ ತುಂಬುತ್ತಾನೆ. ಸಂಜೆಗೆ ಗಾಡಿ ತಯಾರು, ಶಬ್ದವೂ ತುಸು ಕಮ್ಮಿ. ಹಾಸನದಿಂದ ಕಾರವಾರದವರೆಗೆ ಎಲ್ಲೆಡೆ ಕಾಣುವ ಈ ಪದ್ಧತಿಯನ್ನು ಕೊಳ್ಳೇಗಾಲ, ಹನೂರು, ಯಳಂದೂರಿನ ಮಟ್ಟಿಗೆ ವಿಶೇಷವಾಗಿ ಪ್ರಶ್ನಿಸಬೇಕಾಗಿದೆ. ಏಕೆಂದರೆ ಡಿಫರೆನ್ಷಿಯಲ್ ಕಾಯಿಲೆ ಪತ್ತೆಹಚ್ಚಲು ಬೇಕಾದ ಅತ್ಯುತ್ತಮ ಸಾಧನ ಈ ಸೀಮೆಯ ಮನೆಬಾಗಿಲಲ್ಲೇ ಇದೆ, ಕಾಸಿಲ್ಲದೆ ಸಿಗುತ್ತದೆ. ಆ ಸಾಧನ ಘಾಟಿ ರಸ್ತೆಯೇ. ದುರಸ್ತಿಯ ಪದ್ಧತಿ ಮಾತ್ರ ಅದನ್ನು ಬಳಸಿಕೊಂಡೇ ಇಲ್ಲ.

ಹೌಸಿಂಗಿನೊಳಗೆ ನಡೆಯುವುದು ಇಷ್ಟು. ಎಂಜಿನ್ನಿನಿಂದ ಬಂದ ಶಾಫ್ಟಿನ ತುದಿಯ ಸಣ್ಣ ಪಿನಿಯನ್ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ನಿನ ಅಕ್ಷ ಕ್ರೌನಿನ ಮಧ್ಯಕ್ಕಿಂತ ಕೆಳಗಿರುವ ಈ ವಿನ್ಯಾಸಕ್ಕೆ ಹೈಪಾಯಿಡ್ ಎಂದು ಹೆಸರು. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರು ಇದನ್ನು ಮೊದಲು ಬಳಸಿತು, ಮುಂದೆ ವಿಲ್ಲಿಸ್ ಜೀಪಿಗೂ ಬಂತು. ಹೈಪಾಯಿಡ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಜಾರುತ್ತವೆ. ಹಾಗಾಗಿ ಅವುಗಳ ನಡುವಿನ ಜಾಗ ಕೂದಲೆಳೆಯಷ್ಟು ತಪ್ಪಿದರೂ ಗಾಡಿ ಹಾಡತೊಡಗುತ್ತದೆ.

ಇನ್ನು ಘಾಟಿಗೆ ಬರೋಣ. ಏರುವಾಗ ಹಲ್ಲಿನ ಒಂದು ಮೈ ಮೇಲೆ ಪೂರ್ತಿ ಭಾರ ಬೀಳುತ್ತದೆ. ಇಳಿಯುವಾಗ, ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯುವಾಗ, ಭಾರ ಹಲ್ಲಿನ ಇನ್ನೊಂದು ಮೈಗೆ ಹೊರಳುತ್ತದೆ. ಏರಿನಲ್ಲಿ ಮಾತ್ರ ಊಳಿದರೆ ಮೊದಲ ಮೈ ಸವೆದಿದೆ ಅಥವಾ ಹಲ್ಲುಗಳ ಹೊಂದಾಣಿಕೆ ತಪ್ಪಿದೆ ಎಂದು ಶಂಕಿಸಬೇಕು. ಇಳಿಜಾರಿನಲ್ಲಿ, ಕಾಲು ತೆಗೆದ ಕೂಡಲೇ ಊಳಿದರೆ ಪಿನಿಯನ್ ಬೇರಿಂಗ್ ಸಡಿಲವಾಗಿ ಪಿನಿಯನ್ ಹಿಂದೆ ಮುಂದೆ ಓಲಾಡುತ್ತಿರುವ ಸಾಧ್ಯತೆ ಹೆಚ್ಚು. ಏರಲಿ, ಇಳಿಯಲಿ, ಆಕ್ಸಿಲರೇಟರ್ ತುಳಿಯಲಿ, ಬಿಡಲಿ, ಗೊರಗೊರ ಬದಲಾಗದೆ ವೇಗದ ಜೊತೆಗಷ್ಟೇ ಏರಿಳಿದರೆ ಅದು ಹಲ್ಲಿನದಲ್ಲ, ಬೇರಿಂಗಿನದು. ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಕ್ರೌನನ್ನು ಮುಟ್ಟುವ ಅಗತ್ಯವಿಲ್ಲ. ಎಡ–ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿದಾಗಷ್ಟೇ ಕೆಲಸ ಮಾಡುವ ಸ್ಪೈಡರ್ ಗೇರುಗಳನ್ನು ನೋಡಬೇಕು. ಬಲಕ್ಕೆ ಹೊರಳಿದಾಗ ಭಾರ ಎಡಚಕ್ರಕ್ಕೆ, ಎಡಕ್ಕೆ ಹೊರಳಿದಾಗ ಬಲಚಕ್ರಕ್ಕೆ ಸರಿಯುತ್ತದೆ. ಒಂದು ಕಡೆಯ ತಿರುವಿನಲ್ಲಿ ಮಾತ್ರ ಗುಂಯ್‌ಗುಡುವಿಕೆ ಜೋರಾದರೆ ವೀಲ್ ಬೇರಿಂಗ್ ಪರೀಕ್ಷಿಸಬೇಕು. ಏರು, ಇಳಿಜಾರು, ಎಡ, ಬಲ ಇವನ್ನೆಲ್ಲ ಹೀಗೆ ಬಿಡಿಸಿಬಿಡಿಸಿ ಕೊಡುವ ರಸ್ತೆ ಬಯಲುಸೀಮೆಯ ಮೇಸ್ತ್ರಿಗೆ ಸಿಗುವುದಿಲ್ಲ. ಯಳಂದೂರಿನವರಿಗೆ ಗುಂಬಳ್ಳಿ ಚೆಕ್‌ಪೋಸ್ಟ್ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತುವ ದಾರಿಯೂ ಅಷ್ಟೇ ಒಳ್ಳೆಯದು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಗೇರಿಗೆ ಹಾಕಿ ಕೇಳುವ ಪರೀಕ್ಷೆ ಬೇರಿಂಗಿಗೆ ಪರವಾಗಿಲ್ಲ. ಹಲ್ಲಿನ ವಿಷಯದಲ್ಲಿ ಅದನ್ನು ನಂಬುವಂತಿಲ್ಲ, ಅಲ್ಲಿ ಭಾರವೇ ಇರುವುದಿಲ್ಲವಲ್ಲ.

ಮೇಸ್ತ್ರಿಯ ಕಿವಿಯ ಬಗ್ಗೆ ಗೌರವ ಇಟ್ಟುಕೊಂಡೇ ಈ ಮಾತು ಹೇಳಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಯಾವ ಬೇರಿಂಗ್ ಕೆಟ್ಟಿದೆ ಎಂದು ಹೇಳುವ ಕಲೆ ನಿಜವಾದ ವಿದ್ಯೆ. ಅದರ ಜೊತೆಗೆ ಈಗ ಜೇಬಿನ ಫೋನ್ ಕೂಡ ನೆರವಾಗಬಲ್ಲದು. 215/75 ಆರ್ 15 ಅಳತೆಯ ಟೈರಿನ ಸುತ್ತಳತೆ ಸುಮಾರು 2.2 ಮೀಟರ್, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತದೆ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 10 ಹಲ್ಲು ಇದ್ದರೆ ಹಲ್ಲಿಗೆ ಹಲ್ಲು ತಾಗುವುದು ಸೆಕೆಂಡಿಗೆ 205 ಸಲದ ಆಸುಪಾಸು. ಫೋನಿನ ಧ್ವನಿ ಅಳೆಯುವ ಆ್ಯಪ್ 205 ಹರ್ಟ್ಸ್ ಹತ್ತಿರ ಏರಿ ನಿಂತ ಗೆರೆ ತೋರಿಸಿದರೆ ಅಪರಾಧಿ ಹಲ್ಲು. 40 ಹರ್ಟ್ಸ್ ಹತ್ತಿರ ಅದುರು ಕಂಡರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸವೆದಿರಬಹುದು, ಏಕೆಂದರೆ ಸವೆದ ಕ್ರಾಸ್ ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ಅದುರುತ್ತದೆ. ಕಿವಿಗೂ ಲೆಕ್ಕಕ್ಕೂ ತಾಳೆಯಾದಾಗ ಹೌಸಿಂಗ್ ಬಿಚ್ಚುವ ಕೈಗೆ ಅನುಮಾನ ಇರುವುದಿಲ್ಲ.

ತಪ್ಪು ಗುಮಾನಿಗೆ ಬಲಿಯಾಗುವ ಹೌಸಿಂಗುಗಳೂ ಇವೆ. ಒರಟು ಗುಬ್ಬಿಯ ಮಡ್ ಟೈರ್ ಡಾಂಬರಿನ ಮೇಲೆ ಡಿಫರೆನ್ಷಿಯಲ್ಲಿನಂತೆಯೇ ಗುಂಯ್‌ಗುಡುತ್ತದೆ. ಮಣ್ಣು ದಾರಿಗೆ ಇಳಿದ ಕೂಡಲೇ ಆ ಶಬ್ದ ಮಾಯವಾದರೆ ಟೈರಿನದೇ. ಒಂದೇ ಆಕ್ಸಲ್‌ಗೆ ಒಂದು ಹೊಸ ಟೈರು, ಒಂದು ಸವೆದ ರೀಟ್ರೆಡ್ ಹಾಕಿದರೆ ಸ್ಪೈಡರ್ ಗೇರು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗಿ ಸವೆಯುತ್ತದೆ. ಕಾಡುದಾರಿಯಲ್ಲಿ ಹಾಕಿಕೊಂಡ ಫೋರ್‌ವೀಲ್ ಲಿವರನ್ನು ಡಾಂಬರಿಗೆ ಬಂದ ಮೇಲೂ ತೆಗೆಯದೆ ಹೇರ್‌ಪಿನ್ ಹೊಡೆದರೆ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಟಕ್ ಟಕ್ ಎನ್ನುತ್ತವೆ. ಅಲ್ಲಿ ಬಿಚ್ಚಬೇಕಾದದ್ದು ಏನೂ ಇಲ್ಲ, ಲಿವರ್ ಹಿಂದಕ್ಕೆ ಹಾಕಿದರೆ ಆಯಿತು. 2020ರ ಥಾರ್‌ನ ಕೆಲವು ಮಾದರಿಗಳಲ್ಲಿರುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಲಾಕ್ ಆಗುವಾಗ ಸದ್ದು ಮಾಡುವುದೂ ಸಹಜವೇ.

ಸದ್ದು ಅಡಗಿಸುವ ವಿದ್ಯೆಯ ಬಗ್ಗೆ ಕಟುವಾಗಿಯೇ ಹೇಳಬೇಕು. ದಪ್ಪ ಆಯಿಲ್ ಹಲ್ಲುಗಳ ನಡುವೆ ಮೆತ್ತೆಯಾಗಿ ಕೂತು ಸದ್ದು ನುಂಗುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ. ಹೈಪಾಯಿಡ್ ಹಲ್ಲಿಗೆ ಬೇಕಾದದ್ದು ಬರೀ ದಪ್ಪವಲ್ಲ, ಜಿಎಲ್–5 ದರ್ಜೆಯ ಆಯಿಲ್‌ನಲ್ಲಿರುವ ಗಂಧಕ–ರಂಜಕದ ರಕ್ಷಣೆ. ಅದೇ ಡಬ್ಬಿಯನ್ನು ಗೇರ್‌ಬಾಕ್ಸಿಗೂ ಸುರಿಯುವ ಅಭ್ಯಾಸ ಕೂಡ ಬಿಡಬೇಕು. ಜಿಎಲ್–4 ಕೇಳುವ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ಉಂಗುರಗಳಿಗೆ ಅದು ಹಿತವಲ್ಲ. ಮಾರುವ ಮುನ್ನ ಆಯಿಲ್‌ಗೆ ಮರದ ಹೊಟ್ಟು ಬೆರೆಸುವುದಂತೂ ಲೋಕವಿಖ್ಯಾತ ಮೋಸ. ರೋಲ್ಡ್ ಡಾಲ್ 1988ರ ತನ್ನ ‘ಮಟಿಲ್ಡಾ’ ಕಾದಂಬರಿಯಲ್ಲಿ ಮೋಸಗಾರ ಕಾರು ವ್ಯಾಪಾರಿಯ ಕೈಯಲ್ಲಿ ಮಾಡಿಸುವುದು ಇದನ್ನೇ. ಹೊಟ್ಟು ಆಯಿಲ್ ಹೋಗುವ ದಾರಿಯನ್ನೇ ಕಟ್ಟಿ, ಮೊದಲು ಪಿನಿಯನ್ ಬೇರಿಂಗನ್ನು ಒಣಗಿಸುತ್ತದೆ.

ದುರಸ್ತಿ ಎಂಬ ಹೆಸರಿಗೆ ತಕ್ಕ ಕೆಲಸ ಬೇರೆಯೇ ಇದೆ. ಕ್ರೌನಿನ ಕೆಲವು ಹಲ್ಲುಗಳಿಗೆ ಹಳದಿ ಗುರುತಿನ ಬಣ್ಣ ಬಳಿದು, ಚಕ್ರವನ್ನು ಕೈಯಿಂದ ತಡೆಹಿಡಿದು ಪಿನಿಯನ್ ತಿರುಗಿಸಿದರೆ, ಹಲ್ಲು ಎಲ್ಲಿ ತಾಗುತ್ತಿದೆ ಎಂಬುದರ ಅಚ್ಚು ಬೀಳುತ್ತದೆ. ಅಚ್ಚು ಹಲ್ಲಿನ ನೆತ್ತಿಗೆ ಹತ್ತಿದ್ದರೆ ಪಿನಿಯನ್ ದೂರವಿದೆ, ಶಿಮ್ ಎಂಬ ತೆಳು ಬಿಲ್ಲೆ ಹಾಕಿ ಒಳಕ್ಕೆ ತರಬೇಕು. ಬುಡಕ್ಕೆ ಇಳಿದಿದ್ದರೆ ಹೊರಕ್ಕೆ. ಆಮೇಲೆ ಡಯಲ್ ಗೇಜ್ ಹಿಡಿದು ಹಲ್ಲುಗಳ ನಡುವಿನ ಆಟ ನೋಡಬೇಕು. ಡಾನಾ 44 ಆಕ್ಸಲ್‌ಗೆ ಅದು ಸುಮಾರು 0.10ರಿಂದ 0.23 ಮಿಲಿಮೀಟರ್. ಹೊಸ ಪಿನಿಯನ್ ಬೇರಿಂಗಿನ ಬಿಗಿ ಸುಮಾರು 2.3ರಿಂದ 4.5 ನ್ಯೂಟನ್ ಮೀಟರ್. ಕೈಯಿಂದ ಅಲ್ಲಾಡಿಸಿ ‘ಸರಿಗದ’ ಎನ್ನುವುದು ಇಲ್ಲಿ ಸಾಲದು. ಸುತ್ತಿಗೆ, ಉಳಿ ಇಟ್ಟು ಪಿನಿಯನ್ ನಟ್ಟನ್ನು ಹೊಡೆದು ಬಿಗಿಮಾಡುವುದು ಹೊಸ ಬೇರಿಂಗನ್ನು ಅಂದೇ ಹಾಳುಮಾಡುವ ದಾರಿ. ಗುಜರಿಯಿಂದ ಒಂದು ಗಾಡಿಯ ಕ್ರೌನು, ಇನ್ನೊಂದು ಗಾಡಿಯ ಪಿನಿಯನ್ನು ತಂದು ಕೂಡಿಸುವುದೂ ಹಾಗೆಯೇ. ಇವೆರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿ ಉಜ್ಜಿ ಹೊಂದಿಸಿ, ಒಂದೇ ನಂಬರ್ ಕೊರೆದು ಕಳಿಸಿರುತ್ತಾರೆ. ಬಿಡಿ ಜೋಡಣೆ ಎಷ್ಟೇ ಶಿಮ್ ಹಾಕಿದರೂ ಊಳುತ್ತದೆ.

ಈ ಸೀಮೆಯಲ್ಲಿ ನೀರನ್ನೂ ಮರೆಯುವಂತಿಲ್ಲ. ಘಾಟಿಯಲ್ಲಿ ಕಾದ ಹೌಸಿಂಗ್ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಗಾಳಿಯಾಡಲು ಮೇಲಿರುವ ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಆಯಿಲ್ ಸೀಲಿನ ಮೂಲಕವೇ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಯಳಂದೂರಿನ ಸುವರ್ಣಾವತಿ ಬಯಲಿನ ಗದ್ದೆ ಕೆಸರು, ಹನೂರು ಕಡೆಯ ಉಡುತೊರೆ ಹಳ್ಳದಂಥ ದಾಟುಗಳು ಬ್ರೀದರಿಗೆ ಶತ್ರು. ಡ್ರೈನ್ ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಹಲ್ಲಿನ ಮಾತು ಆಮೇಲೆ, ಮೊದಲು ಸೀಲು ಮತ್ತು ಬ್ರೀದರ್.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇಂಡಿಗನತ್ತ, ಮೆಂದಾರೆ, ತುಳಸಿಕೆರೆಯಂಥ ಕಾಡೊಳಗಿನ ಊರುಗಳು. ಅಲ್ಲಿ ಜೀಪು ಸಿಗದಿದ್ದರೆ ರೋಗಿಯನ್ನು ಡೋಲಿಯಲ್ಲಿ ಹೊತ್ತು ತರಬೇಕಾಗುತ್ತದೆ. ಕಾಡಂಚಿನ ಜನರಿಗಾಗಿ ‘ಜನವನ ಸಾರಿಗೆ’ ವಾಹನ ಸೇವೆ ಶುರುವಾದದ್ದೂ ಇದೇ ಕಷ್ಟ ಕಂಡು. ಪಿನಿಯನ್ ಬೇರಿಂಗ್ ಒಡೆದು ಚಕ್ರ ಹಿಡಿದುಕೊಂಡರೆ ನಡುಕಾಡಿನಲ್ಲಿ ನಿಲ್ಲುವುದು ಗಾಡಿಯಷ್ಟೇ ಅಲ್ಲ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟದಲ್ಲಿ, ಕೆ. ಗುಡಿಯ ಸಫಾರಿ ಜೀಪುಗಳಿಗಂತೂ ನಿಶ್ಶಬ್ದವೇ ಕೆಲಸದ ಒಂದು ಭಾಗ.

ತಪ್ಪನ್ನೆಲ್ಲ ಮೇಸ್ತ್ರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಜಾತ್ರೆಯ ಬಾಡಿಗೆ ತಪ್ಪಬಾರದೆಂದು ‘ಸಂಜೆಗೇ ಬೇಕು’ ಎಂದು ಒತ್ತಾಯಿಸುವ ಮಾಲೀಕನಿಗೆ 140 ಆಯಿಲ್ ಬಿಟ್ಟು ಬೇರೇನು ಕೊಡಲಾದೀತು? ಸರಿಯಾಗಿ ಕೂಡಿಸಿದ ಹೊಸ ಜೋಡಿಯನ್ನೂ ಮರುದಿನವೇ ಹದಿನೈದು ಜನ ತುಂಬಿ ಘಾಟಿ ಹತ್ತಿಸಿದರೆ ಹಲ್ಲು ಪಳಗುವ ಮುನ್ನವೇ ಸುಟ್ಟುಹೋಗುತ್ತದೆ. ಮೊದಲ ಕೆಲವು ನೂರು ಕಿಲೋಮೀಟರ್ ಹಗುರ ಭಾರದಲ್ಲಿ, ನಡುನಡುವೆ ನಿಲ್ಲಿಸಿ ಆರಿಸುತ್ತಾ ಓಡಿಸಬೇಕು, ಆಮೇಲೆ ಆಯಿಲ್ ಬದಲಿಸಬೇಕು. ಇಳಿಸಿದ ಆಯಿಲ್‌ನಲ್ಲಿ ಬೂದಿಯಂಥ ನುಣುಪು ಪುಡಿ ಇದ್ದರೆ ಸಹಜ. ಉಗುರಿಗೆ ಸಿಗುವಂಥ ಚೂರು ಬಂದರೆ ಹೌಸಿಂಗ್ ಮತ್ತೆ ಬಿಚ್ಚಲೇಬೇಕು, ಜೋಡಣೆಯಲ್ಲಿ ತಪ್ಪಾಗಿದ್ದರೆ ಎರಡನೇ ಸಲದ ಕೂಲಿಯನ್ನು ಗ್ಯಾರೇಜೇ ಹೊರಬೇಕು.