ಐವತ್ತೊಂದನೆಯ ಹೆಣ

ಕತೆ, ಕವಿತೆಗಳನ್ನು ಮಾತ್ರ ವಿಮರ್ಶೆ ಮಾಡುತ್ತಾ, ಕಾನೂನನ್ನು ವಕೀಲರ ಪಾಲಿಗೆ ಬಿಟ್ಟುಬಿಡುವ ಚಾಳಿ ನಮ್ಮಲ್ಲಿದೆ. ಕಾನೂನೂ ಒಂದು ಬರಹವೇ ಅಲ್ಲವಾ ಗೆಳೆಯರೆ? ಅದನ್ನು ಬರೆದವರು ಯಾರ ಸಾವನ್ನು ಸಾವು ಅಂತ ಲೆಕ್ಕಕ್ಕೆ ಹಿಡಿದರು ಅನ್ನೋದನ್ನ ಅಲ್ಲೂ ಓದಬೇಕು.

ಕೃತಕ ಬುದ್ಧಿಮತ್ತೆಯ ಅಪಾಯಗಳನ್ನು ಹಿಡಿತದಲ್ಲಿಡಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಸೆಪ್ಟೆಂಬರ್ 29ರಂದು ಒಂದು ಕಾಯ್ದೆಗೆ ಸಹಿ ಬಿತ್ತು. ಅದನ್ನು ಎಸ್‌ಬಿ 53 ಅಂತ ಕರೀತಾರೆ. ಈ ಯಂತ್ರಗಳನ್ನು ಕಟ್ಟುವ ದೊಡ್ಡ ಕಂಪನಿಗಳು ಹಲವು ಇರುವುದು ಅಲ್ಲೇ. ಹಾಗಾಗಿ ಅಲ್ಲಿ ಬರೆದ ಸಾಲು ನಮ್ಮ ಹಳ್ಳಿಯ ಮೊಬೈಲಿಗೂ ಬಂದು ಮುಟ್ಟುತ್ತದೆ. ಕಾಯ್ದೆಯಲ್ಲಿ ಮಹಾ ಅಪಾಯಕ್ಕೆ ಒಂದು ಅಳತೆಗೋಲು ಇದೆ. ಒಂದೇ ಘಟನೆಯಲ್ಲಿ 50ಕ್ಕಿಂತ ಹೆಚ್ಚು ಜನ ಸಾಯಬೇಕು ಅಥವಾ ತೀವ್ರವಾಗಿ ಗಾಯಗೊಳ್ಳಬೇಕು. ಇಲ್ಲವೇ 100 ಕೋಟಿ ಡಾಲರಿಗೂ ಮೀರಿ ಆಸ್ತಿ ಹಾಳಾಗಬೇಕು. ಜೈವಿಕ, ಅಣು ಅಸ್ತ್ರ ಮಾಡಲು ಯಂತ್ರ ದಾರಿ ತೋರಿಸುವುದು, ಕಟ್ಟಿದವರ ಹಿಡಿತದಿಂದಲೇ ತಪ್ಪಿಸಿಕೊಳ್ಳುವುದು, ಇಂಥವು ಅವರ ಕಣ್ಣಮುಂದಿವೆ.

ಈ ಭಯ ಸುಳ್ಳೇನಲ್ಲ. ಈ ವಿದ್ಯೆಗೆ ಬುನಾದಿ ಹಾಕಿದ ಜೆಫ್ರಿ ಹಿಂಟನ್, ಯೋಶುವಾ ಬೆಂಜಿಯೊ ಅವರೇ ಎಚ್ಚರಿಸಿದ್ದಾರೆ. ಆದರೆ ಆ 'ಒಂದೇ ಘಟನೆ' ಅನ್ನುವ ಮಾತಿನ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಮ್ಯಾನ್‌ಹೋಲಿಗೆ ಇಳಿದವರು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಸಾಯುತ್ತಾರೆ. ನಮ್ಮ ಸಾವು ರಾಶಿ ಬಿದ್ದು ಕಾಣಿಸಿಕೊಳ್ಳುವುದಿಲ್ಲ.

ಯಂತ್ರ ಕಂಪನಿಯ ಕೈತಪ್ಪಿ ಒಬ್ಬರು ಸತ್ತರೂ 15 ದಿನದೊಳಗೆ ಸರ್ಕಾರಕ್ಕೆ ವರದಿ ಕೊಡಬೇಕು ಅಂತ ಅದೇ ಕಾಯ್ದೆಯ ಇನ್ನೊಂದು ಕಡೆ ಇದೆ. ಅದನ್ನು ಮುಚ್ಚಿಡಬಾರದು. ಆದರೆ ಕೈಯಲ್ಲೇ ಇದ್ದ ಯಂತ್ರ, ಧಣಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ ಯಂತ್ರ, ಒಬ್ಬಳ ಕೆಲಸದ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರೆ? ಒಬ್ಬನಿಗೆ ಬಾಡಿಗೆ ಮನೆ ಇಲ್ಲ ಅಂದರೆ? ಆ ವಿಧೇಯ ಯಂತ್ರದ ಬಗ್ಗೆ ಎಸ್‌ಬಿ 53ಕ್ಕೆ ಚಿಂತೆಯಿಲ್ಲ. ಅಲ್ಲಾ ಸ್ವಾಮಿ, ಶಾನುಭೋಗರ ಲೆಕ್ಕದ ಪುಸ್ತಕ ಯಾವತ್ತಾದರೂ ಪಟೇಲರ ಹಿಡಿತ ತಪ್ಪಿ ಹೋಗಿತ್ತಾ?

ಸಹಿ ಹಾಕಿದ ಗವರ್ನರ್ ಗ್ಯಾವಿನ್ ನ್ಯೂಸಮ್. ಅಲ್ಲಿ ಗವರ್ನರ್ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅವರು ಮೊದಲು ಬರೆದ ಎರಡು ಪತ್ರಗಳನ್ನು ಈ ಸಹಿಯ ಪಕ್ಕದಲ್ಲಿಟ್ಟು ಓದಬೇಕು.

ಸರಿಯಾಗಿ ಒಂದು ವರ್ಷದ ಹಿಂದೆ, 2024ರ ಸೆಪ್ಟೆಂಬರ್ 29ರಂದು, ಎಸ್‌ಬಿ 1047 ಅನ್ನುವ ಇನ್ನೂ ಬಿಗಿಯಾದ ಮಸೂದೆಯನ್ನು ಅವರು ತಿರಸ್ಕರಿಸಿದ್ದರು. ಅಪಾಯ ಬಂದಾಗ ಯಂತ್ರವನ್ನು ಪೂರ್ತಿ ನಿಲ್ಲಿಸುವ ವ್ಯವಸ್ಥೆ ಇರಲೇಬೇಕು, ಹೊರಗಿನವರಿಂದ ತಪಾಸಣೆ ಆಗಬೇಕು ಅಂತ ಅದರಲ್ಲಿತ್ತು. ಓಪನ್‌ಎಐ, ಗೂಗಲ್, ಮೆಟಾ ವಿರೋಧಿಸಿದ್ದವು. ನ್ಯೂಸಮ್ ಕೊಟ್ಟ ಕಾರಣ ಮಾತ್ರ ನಾವೇ ಬರೆದ ಹಾಗಿದೆ: ಇದು ಭಾರಿ ಖರ್ಚಿನ, ಭಾರಿ ಗಾತ್ರದ ಯಂತ್ರಗಳನ್ನಷ್ಟೇ ನೋಡುತ್ತೆ, ಸಣ್ಣವೂ ಅಷ್ಟೇ ಅಪಾಯಕಾರಿ ಆಗಬಹುದು, ಯಂತ್ರವನ್ನು ಎಲ್ಲಿ, ಯಾವ ತೀರ್ಮಾನಕ್ಕೆ ಬಳಸುತ್ತಾರೆ ಅನ್ನೋದನ್ನೇ ಇದು ಕೇಳುವುದಿಲ್ಲ, ಜನರಿಗೆ ಹುಸಿ ಧೈರ್ಯ ಕೊಡುತ್ತೆ. ಒಪ್ಪಿದೆವು. ಹಾಗಾದರೆ 2025ರ ಕಾಯ್ದೆ ಸಣ್ಣದನ್ನು ನೋಡುತ್ತಾ? ಅದರ ಮುಖ್ಯ ಷರತ್ತುಗಳು ವರ್ಷಕ್ಕೆ 50 ಕೋಟಿ ಡಾಲರಿಗಿಂತ ಹೆಚ್ಚು ಆದಾಯ ಇರುವ ಕಂಪನಿಗಳಿಗೆ ಮಾತ್ರ. ದಂಡ ಒಂದು ತಪ್ಪಿಗೆ ಹೆಚ್ಚೆಂದರೆ 10 ಲಕ್ಷ ಡಾಲರ್, ಅಂದರೆ ಆ ಆದಾಯದಲ್ಲಿ ಐನೂರಕ್ಕೆ ಒಂದು ಪಾಲು. ಗವರ್ನರ್ ದೂರಿದ ಕೊರತೆ ಹಾಗೇ ಉಳಿಯಿತು. ಬಿದ್ದುಹೋದದ್ದು ನಿಲ್ಲಿಸುವ ವ್ಯವಸ್ಥೆ ಮತ್ತು ತಪಾಸಣೆ.

ಆದರೂ ಈ ಕಾಯ್ದೆ ಬೇಡ ಅನ್ನಲಾರೆ. ರಾಜ್ಯಗಳು ಇಂಥ ಕಾನೂನು ಜಾರಿ ಮಾಡದಂತೆ ಹತ್ತು ವರ್ಷ ತಡೆಯುವ ಹುನ್ನಾರ ವಾಷಿಂಗ್ಟನ್ನಿನಲ್ಲಿ ನಡೆದಿತ್ತು. 2025ರ ಜುಲೈ 1ರಂದು ಸೆನೆಟ್ 99-1 ಮತಗಳಿಂದ ಅದನ್ನು ಕಿತ್ತುಹಾಕಿತು. ಎಸ್‌ಬಿ 53ರಲ್ಲಿ ನನಗೆ ಮೆಚ್ಚಿಗೆಯಾದದ್ದು ಕಂಪನಿಯೊಳಗಿನ ಅಪಾಯವನ್ನು ಹೊರಗೆ ಹೇಳಿದ ಕೆಲಸಗಾರನಿಗೆ ಅದು ಕೊಟ್ಟ ರಕ್ಷಣೆ. ಬಾಯಿ ಬಿಟ್ಟಿದ್ದಕ್ಕೆ ಕೂಲಿ ಕಳೆದುಕೊಂಡವರ ಮಕ್ಕಳು ನಾವು. ಆ ಸಾಲಿನ ಬೆಲೆ ನಮಗೆ ಗೊತ್ತು.

ಇನ್ನು ಎರಡನೆಯ ಪತ್ರ. 2023ರ ಅಕ್ಟೋಬರ್ 7ರಂದು ಅದೇ ನ್ಯೂಸಮ್ ಎಸ್‌ಬಿ 403 ಮಸೂದೆಯನ್ನು ತಿರಸ್ಕರಿಸಿದರು. ಕೆಲಸ, ಮನೆ, ಶಾಲೆಯ ವಿಷಯದಲ್ಲಿ ಜಾತಿ ತಾರತಮ್ಯ ಮಾಡಬಾರದು ಅಂತ ಹೆಸರಿಟ್ಟು ಹೇಳುವ ಮಸೂದೆ ಅದು. ನಮ್ಮ ದೇಶದಿಂದ ಹೋದವರ ಸಂಘಗಳೇ ಕೆಲವು ಅದಕ್ಕೆ ಅಡ್ಡ ನಿಂತಿದ್ದವು. ಈಗಿರುವ ಕಾನೂನಿನಲ್ಲೇ ಇದು ಅಡಗಿದೆ, ಹೊಸದು ಅನಗತ್ಯ ಅಂತ ಗವರ್ನರ್ ಬರೆದರು.

ಕೆಲಸಕ್ಕೆ ಆಯ್ಕೆ ಮಾಡುವ ಯಂತ್ರಗಳ ತಾರತಮ್ಯಕ್ಕೂ ಕ್ಯಾಲಿಫೋರ್ನಿಯಾದಲ್ಲಿ 2025ರ ಅಕ್ಟೋಬರ್ 1ರಿಂದ ಬೇರೆ ನಿಯಮಗಳು ಬಂದಿವೆ. ಒಳ್ಳೆಯದೇ. ಅವುಗಳ ಹಿಂದಿರುವ ಮೂಲ ಕಾನೂನಿನ ಪಟ್ಟಿಯಲ್ಲಿ ಜನಾಂಗ, ಬಣ್ಣ, ಧರ್ಮ, ವಯಸ್ಸು, ವಂಶ ಎಲ್ಲಾ ಇವೆ. ಜಾತಿ ಅನ್ನುವ ಮಾತಿಲ್ಲ. ಇಲ್ಲಿಂದ ಹೋದ ನಮ್ಮ ಹುಡುಗನೊಬ್ಬನ ಅಡ್ಡಹೆಸರು, ಊರು, ಓದಿದ ಹಾಸ್ಟೆಲು ನೋಡಿ ಯಂತ್ರ ಅವನ ಅರ್ಜಿಯನ್ನು ಕೆಳಗೆ ಹಾಕಿತು ಅಂತ ಇಟ್ಟುಕೊಳ್ಳಿ. ಜಾತಿ ಅಂದರೆ ಏನು ಅಂತ ಅವನು ಮೊದಲು ಅಲ್ಲಿನ ನ್ಯಾಯಾಧೀಶರಿಗೆ ಪಾಠ ಹೇಳಬೇಕು. ಅದು ವಂಶದೊಳಗೆ ಹೇಗೆ ಬರುತ್ತೆ ಅಂತ ಆಮೇಲೆ ವಾದಿಸಬೇಕು. ಯಂತ್ರಕ್ಕೆ ಅದು ಹೇಗೆ ಗೊತ್ತಾಯಿತು ಅನ್ನೋದು ಅದಾದ ಮೇಲಿನ ಮಾತು.